ಲಿವರ್ ಹಿಡಿಕೆಗೆ ತಾಗುತ್ತಿದೆ, ಬ್ಲೀಡ್ ಮಾಡಲೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನವನು. ಎರಡು ವರ್ಷದ ಹಿಂದೆ ಕೊಂಡ ಮೌಂಟನ್ ಬೈಕಿಗೆ ಹಿಂದೆ ಮುಂದೆ ಎರಡೂ ಶಿಮಾನೊ ಎಂಟಿ200 ಹೈಡ್ರಾಲಿಕ್ ಡಿಸ್ಕ್ ಬ್ರೇಕು, 160 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ). ನನ್ನ ತೂಕ 70 ಕೆ.ಜಿ. ವಾರದ ದಿನಗಳಲ್ಲಿ ಕಾಫಿ ತೋಟದ ಮಣ್ಣುದಾರಿ, ಭಾನುವಾರ ಸೀತಾಳಯ್ಯನಗಿರಿ ಹತ್ತಿ ಇಳಿಯುವುದು. ಕಳೆದ ತಿಂಗಳು ಬೈಕನ್ನು ಬಸ್ಸಿನ ಡಿಕ್ಕಿಯಲ್ಲಿ ತಲೆಕೆಳಗಾಗಿ ಇಟ್ಟು ಹುಬ್ಬಳ್ಳಿಗೆ ಒಯ್ದಿದ್ದೆ. ಅಲ್ಲಿ ಇಳಿಸಿದಾಗಿನಿಂದ ಹಿಂದಿನ ಬ್ರೇಕಿನ ಲಿವರ್ ಸ್ಪಂಜಿನಂತಾಗಿದೆ. ಬೆಳಿಗ್ಗೆ ಮೊದಲ ಸಲ ಹಿಡಿದರೆ ಹಿಡಿಕೆಗೇ ತಾಗುತ್ತದೆ, ನಾಲ್ಕೈದು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ. ಕಳೆದ ವಾರ ಗಿರಿಯಿಂದ ಅರ್ಧ ಇಳಿಯುವಷ್ಟರಲ್ಲಿ ಪಂಪ್ ಮಾಡಿದರೂ ಗಟ್ಟಿಯಾಗಲಿಲ್ಲ. ಕಾಲು ಊರಿ ನಿಲ್ಲಿಸಿದೆ. ಮುಂದಿನ ಬ್ರೇಕು ಹಿಡಿಯುತ್ತದೆ, ಆದರೆ ಚೈನಿಗೆ ಸ್ಪ್ರೇ ಹೊಡೆದ ಮೇಲೆ ಕಿರುಚುತ್ತಿದೆ. ನಮ್ಮ ಬೀದಿಯ ಸ್ಕೂಟರ್ ಮೆಕ್ಯಾನಿಕ್ ‘ಏರ್ ಹಿಡಿದಿದೆ, ಬ್ರೇಕ್ ಆಯಿಲ್ ಎಲ್ಲ ಒಂದೇ, ಡಾಟ್ 4 ಹಾಕಿ ಬ್ಲೀಡ್ ಮಾಡಿಕೊಡ್ತೀನಿ’ ಅಂದರು. ಗೆಳೆಯನೊಬ್ಬ ಬೇಬಿ ಆಯಿಲ್ ಸಾಕು ಅನ್ನುತ್ತಾನೆ. ಇನ್ನೊಬ್ಬ, ಇದೆಲ್ಲ ತಲೆನೋವು, ಕೇಬಲ್ ಡಿಸ್ಕಿಗೆ ಬದಲಾಯಿಸು ಅನ್ನುತ್ತಾನೆ. ನಾನೇ ಮನೆಯಲ್ಲಿ ಬ್ಲೀಡ್ ಮಾಡಬಹುದೆ? ತಪ್ಪಿದರೆ ಏನಾಗುತ್ತದೆ?

ಉತ್ತರ: ನಿಮ್ಮ ಲೆಕ್ಕದಲ್ಲಿ ಒಂದು ಬ್ರೇಕು ಕೆಟ್ಟಿದೆ. ನನ್ನ ಲೆಕ್ಕದಲ್ಲಿ ಎರಡೂ ಕೆಟ್ಟಿವೆ. ಹಿಂದಿನದಕ್ಕೆ ಗಾಳಿ ಸೇರಿದೆ, ಮುಂದಿನದರ ಪ್ಯಾಡಿಗೆ, ಅಂದರೆ ರೋಟರನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡುಗಳಿಗೆ, ಎಣ್ಣೆ ಕುಡಿಸಲಾಗಿದೆ. ಹಾಗಾಗಿ ಮೊದಲ ಮಾತು: ಇದು ಸರಿಯಾಗುವವರೆಗೆ ಗಿರಿಯ ಕಡೆ ಹೋಗಬೇಡಿ. ಮನೆಯಲ್ಲೇ ಬ್ಲೀಡ್ ಮಾಡಬಹುದೆ ಎಂದು ಕೇಳಿದ್ದೀರಿ. ಬ್ಲೀಡ್ ಎಂದರೆ ಬ್ರೇಕಿನೊಳಗೆ ಸೇರಿದ ಗಾಳಿಯನ್ನು ಎಣ್ಣೆ ಹರಿಸಿ ಹೊರಗೆ ತೆಗೆಯುವುದು. ಮಾಡಬಹುದು, ಅಂಥ ಬ್ರಹ್ಮವಿದ್ಯೆಯೇನಲ್ಲ. ಆದರೆ ಇಷ್ಟು ವಿವರವಾಗಿ ಬರೆದವರು ಒಂದು ಸಂಗತಿಯನ್ನು ಮಾತ್ರ ಬಿಟ್ಟಿದ್ದೀರಿ. ಪ್ಯಾಡಿನಲ್ಲಿ ಇನ್ನೆಷ್ಟು ಉಳಿದಿದೆ? ಎರಡು ವರ್ಷದಲ್ಲಿ ಒಮ್ಮೆಯಾದರೂ ಬದಲಾಯಿಸಿದ್ದೀರಾ? ನನ್ನ ಅನುಮಾನ ನೆಟ್ಟಿರುವುದು ಅಲ್ಲೇ. ಅದಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ಎಣ್ಣೆಯ ವಿಚಾರ ಮುಗಿಸೋಣ, ಯಾಕೆಂದರೆ ನಾಳೆ ಬೆಳಿಗ್ಗೆಯೇ ನೀವು ಆ ಮೆಕ್ಯಾನಿಕ್ ಹತ್ತಿರ ಹೋಗಿಬಿಡಬಹುದು.

ಅವರು ಹೇಳಿದ್ದು ಅವರ ಕಸುಬಿನ ಮಟ್ಟಿಗೆ ಸರಿಯೇ. ಸ್ಕೂಟರು, ಮೋಟಾರ್ ಸೈಕಲ್ಲು, ಕಾರು, ಎಲ್ಲದರಲ್ಲೂ ಸಾಮಾನ್ಯವಾಗಿ ಓಡುವುದು ಡಾಟ್ ದ್ರವ. ಗ್ಲೈಕಾಲ್ ಜಾತಿಯದು. ಸೈಕಲ್ ಲೋಕದಲ್ಲಿ ಮಾತ್ರ ಎರಡು ಪಂಗಡ. ಶಿಮಾನೊ, ಟೆಕ್ಟ್ರೊ, ಮಗುರಾ ಮಿನರಲ್ ಎಣ್ಣೆಯವರು. ಹೋಪ್ ಡಾಟ್ ಕಡೆಯದು. ಸ್ರ್ಯಾಮ್ ಬಹುಕಾಲ ಡಾಟ್ ಬಳಸಿ, ಈಚೆಗೆ ಮೇವನ್, ಡಿಬಿ8 ಮಾದರಿಗಳಲ್ಲಿ ಮಿನರಲ್ ಎಣ್ಣೆಗೆ ಬಂದಿದೆ. ಆದ್ದರಿಂದ ಕಂಪನಿಯ ಹೆಸರು ನೋಡಿ ಊಹಿಸುವುದಕ್ಕಿಂತ ಲಿವರ್ ಮೇಲೆ ಅಚ್ಚಾಗಿರುವುದನ್ನು ಓದುವುದು ಒಳ್ಳೆಯದು. ಎಣ್ಣೆ ಬದಲಾದರೆ ಒಳಗಿನ ರಬ್ಬರ್ ಸೀಲಿನ ಜಾತಿಯೂ ಬೇರೆ. ಮಿನರಲ್ ಎಣ್ಣೆಗೆ ಮಾಡಿದ ಸೀಲನ್ನು ಡಾಟ್‌ನಲ್ಲಿ ನೆನೆಸಿದರೆ ಅದು ನೆನೆಹಾಕಿದ ಕಡಲೆಕಾಳಿನಂತೆ ಉಬ್ಬುತ್ತದೆ. ಮೊದಲ ದಿನ ಎಲ್ಲ ಸರಿಯಿದ್ದಂತೆಯೇ ಕಾಣುವುದು ಇದರ ಕೇಡು. ದಿನ ಕಳೆದಂತೆ ಲಿವರ್ ಹಿಂದಕ್ಕೆ ಬರಲು ಸೋಮಾರಿಯಾಗುತ್ತದೆ, ಪಿಸ್ಟನ್ ಅಂಟಿಕೊಳ್ಳುತ್ತದೆ, ಚಕ್ರ ಉಜ್ಜುತ್ತದೆ, ಕೊನೆಗೆ ಸೋರುತ್ತದೆ. ಒಮ್ಮೆ ಡಾಟ್ ಒಳಗೆ ಹೋಗಿ ಸೀಲ್ ಉಬ್ಬಿದ ಮೇಲೆ ಮಿನರಲ್ ಎಣ್ಣೆ ಹಾಕಿ ಎಷ್ಟು ತೊಳೆದರೂ ಅದು ಮೊದಲಿನಂತಾಗುವುದಿಲ್ಲ. ಎಂಟಿ200ರಂಥ ಕಡಿಮೆ ಬೆಲೆಯ ಸೆಟ್ಟಿಗೆ ಒಳಗಿನ ಸೀಲ್ ಬಿಡಿಯಾಗಿ ಸಿಗುವುದಿಲ್ಲ. ಲಿವರ್, ಚಕ್ರದ ಬಳಿ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಎರಡನ್ನೂ ಎಸೆಯಬೇಕಾಗುತ್ತದೆ.

ಕೈಯಲ್ಲಿರುವ ಬಾಟಲಿಯ ಚೀಟಿ ಹರಿದುಹೋಗಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಬಿಡಿ. ಡಾಟ್ 4, ಡಾಟ್ 5.1 ನೀರಿನಲ್ಲಿ ಬೆರೆತು ಹೋಗುತ್ತವೆ; ಮಿನರಲ್ ಎಣ್ಣೆ ಮೇಲೆ ತೇಲುತ್ತದೆ. ಶಿಮಾನೊದ್ದು ಕೆಂಪು, ಮಗುರಾದ್ದು ನೀಲಿ. ಬಣ್ಣ ನೋಡಿಯೇ ಅರ್ಧ ತಿಳಿಯುತ್ತದೆ. ಅಂದ ಹಾಗೆ ಡಾಟ್ 5 ಎಂಬುದು 5.1ರ ತಮ್ಮನಲ್ಲ, ಅದು ಸಿಲಿಕೋನ್, ಬೇರೆಯೇ ವಸ್ತು. ಅಂಕಿ ಹತ್ತಿರವಿದೆ ಎಂದು ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ.

ಬೇಬಿ ಆಯಿಲ್ ವಿಚಾರದಲ್ಲಿ ನಿಮ್ಮ ಗೆಳೆಯ ಪೂರ್ತಿ ತಪ್ಪಲ್ಲ, ಅದೇ ಅಪಾಯ. ಅದೂ ಮುಖ್ಯವಾಗಿ ಮಿನರಲ್ ಎಣ್ಣೆಯೇ, ಸೀಲ್ ತಕ್ಷಣ ಹಾಳಾಗಲಿಕ್ಕಿಲ್ಲ. ಆದರೆ ಅದನ್ನು ಮಾಡಿದ್ದು ಮಗುವಿನ ಮೈಗೆ. ಸುಗಂಧ ಬೆರೆಸಿರುತ್ತಾರೆ, ಬ್ರೇಕ್ ಎಣ್ಣೆಗಿಂತ ಮಂದವಾಗಿರುತ್ತದೆ, ಎಷ್ಟು ಬಿಸಿ ತಡೆಯುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. ಡಿಸೆಂಬರಿನ ಬೆಳಿಗ್ಗೆ ಗಿರಿಯ ಮೇಲಿನ ಚಳಿಯಲ್ಲಿ ಲಿವರ್ ಮೆಲ್ಲಗೆ ವಾಪಸಾಗುವುದನ್ನು ನೋಡಿದರೆ ಗೊತ್ತಾಗುತ್ತದೆ. ಎರಡೂ ಬ್ರೇಕಿಗೆ ಬೇಕಾಗುವುದು ಒಂದು ಸಣ್ಣ ಬಾಟಲಿ ಎಣ್ಣೆ. ಅಷ್ಟರಲ್ಲಿ ಉಳಿತಾಯದ ಲೆಕ್ಕ ಹಾಕಬೇಡಿ. ಹೊಲಿಗೆ ಯಂತ್ರದ ಎಣ್ಣೆ, ಜಾಕಿಗೆ ಹಾಕುವ ಎಣ್ಣೆಗೂ ಇದೇ ಉತ್ತರ.

ಈಗ ಪ್ಯಾಡಿಗೆ ಬರೋಣ. ಕ್ಯಾಲಿಪರ್ ಒಳಗೆ ಪ್ರತಿ ಪಿಸ್ಟನ್ ಸುತ್ತ ಚೌಕಾಕಾರದ ಅಂಚಿನ ರಬ್ಬರ್ ಉಂಗುರವೊಂದಿದೆ. ಲಿವರ್ ಹಿಡಿದಾಗ ಎಣ್ಣೆ ಪಿಸ್ಟನನ್ನು ಮುಂದೆ ತಳ್ಳುತ್ತದೆ, ಉಂಗುರ ಅದನ್ನು ಬಿಡದೆ ಕಚ್ಚಿಕೊಂಡು ತಿರುಚಿಕೊಳ್ಳುತ್ತದೆ. ಲಿವರ್ ಬಿಟ್ಟಾಗ ತಿರುಚಿದ ರಬ್ಬರ್ ನೆಟ್ಟಗಾಗುತ್ತಾ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಿಂದಕ್ಕೆಳೆಯುವ ಸ್ಪ್ರಿಂಗ್ ಕೆಲಸವನ್ನು ಬಹುಪಾಲು ಈ ಉಂಗುರವೇ ಮಾಡುತ್ತದೆ. ಪ್ಯಾಡ್ ಸವೆದಾಗ ಪಿಸ್ಟನ್ ಇನ್ನಷ್ಟು ಮುಂದೆ ಹೋಗಬೇಕು. ಆಗ ಅದು ಉಂಗುರದೊಳಗೆ ಸ್ವಲ್ಪ ಜಾರಿ ಹೊಸ ಜಾಗದಲ್ಲಿ ಕೂರುತ್ತದೆ. ಕೇಬಲ್ ಬ್ರೇಕಿನಂತೆ ವಾರಕ್ಕೊಮ್ಮೆ ತಿರುಪು ತಿರುಗಿಸದೆಯೂ ನಿಮ್ಮ ಲಿವರ್ ಎರಡು ವರ್ಷ ಒಂದೇ ಜಾಗದಲ್ಲಿ ಹಿಡಿದದ್ದು ಇದರಿಂದ.

ಆದರೆ ಮುಂದೆ ಹೋದ ಪಿಸ್ಟನ್ ಹಿಂದೆ ಬಿಟ್ಟ ಜಾಗವನ್ನು ಎಣ್ಣೆ ತುಂಬಬೇಕಲ್ಲ. ಅದು ಬರುವುದು ಲಿವರ್ ಒಳಗಿನ ಪುಟ್ಟ ತೊಟ್ಟಿಯಿಂದ. ಪ್ಯಾಡ್ ಸವೆದಷ್ಟೂ ತೊಟ್ಟಿಯ ಎಣ್ಣೆ ಕಡಿಮೆಯಾಗುತ್ತದೆ. ಅಲ್ಲೊಂದು ರಬ್ಬರ್ ಪೊರೆ ಇದ್ದು, ಎಣ್ಣೆ ಇಳಿದಂತೆ ಅದೂ ಕೆಳಗೆ ಬಾಗುತ್ತದೆ. ಕಾರ್ಖಾನೆಯಿಂದ ಬಂದ ದಿನದಿಂದಲೂ ಆ ತೊಟ್ಟಿಯ ಮೂಲೆಯಲ್ಲಿ ಒಂದೆರಡು ಗುಳ್ಳೆ ಇರುವುದು ಅಪರೂಪವಲ್ಲ. ಬೈಕು ನೆಟ್ಟಗಿರುವವರೆಗೆ ಅವು ಮೇಲೆ ತೇಲಿಕೊಂಡು ತಮ್ಮ ಪಾಡಿಗೆ ಇರುತ್ತವೆ. ನೀವು ಬೈಕನ್ನು ತಲೆಕೆಳಗು ಮಾಡಿದಿರಿ. ತೊಟ್ಟಿಯ ತಳ ಮೇಲಾಯಿತು, ಪೈಪಿಗೆ ಹೋಗುವ ಸಣ್ಣ ತೂತು ಇರುವುದು ಅಲ್ಲೇ. ಡಿಕ್ಕಿಯಲ್ಲಿ ಲಗೇಜು ಲಿವರಿಗೆ ಒತ್ತಿ ಬಿಟ್ಟಿರಬಹುದು, ಹುಬ್ಬಳ್ಳಿಯವರೆಗಿನ ಕುಲುಕಾಟ ಉಳಿದದ್ದನ್ನು ಮಾಡಿತು. ಗುಳ್ಳೆ ಒಳಗೆ ಹೋಯಿತು.

ಅಂದರೆ ಬಸ್ಸು ಒಂದು ನೆಪ ಅಷ್ಟೆ. ಹೊಸ ಪ್ಯಾಡ್ ಇದ್ದು ತೊಟ್ಟಿ ತುಂಬಿದ ಬೈಕನ್ನು ಹೀಗೆ ಮಲಗಿಸಿ, ಏನೂ ಆಗದೆ ಇಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಮಲೆನಾಡಿನ ಎರಡು ಮಳೆಗಾಲ ಕಂಡ ರೆಸಿನ್ ಪ್ಯಾಡಿನ, ಅಂದರೆ ಪುಡಿಯನ್ನು ಅಂಟಿನಲ್ಲಿ ಹಿಡಿದಿಟ್ಟು ಮಾಡಿದ ಪ್ಯಾಡಿನ, ಗತಿ ಬೇರೆ. ಕೆಂಪು ಕೆಸರು ರೋಟರಿಗೂ ಪ್ಯಾಡಿಗೂ ನಡುವೆ ಸೇರಿದರೆ ಉಪ್ಪುಕಾಗದ ಉಜ್ಜಿದ ಹಾಗೆ.

ಲಿವರನ್ನು ಬೆರಳಿನಿಂದ ಓದುವುದು ಕಲಿಯಿರಿ. ನನ್ನ ಮುಂದೆ ಬೈಕು ಬಂದು ನಿಂತಾಗ ನಾನು ಮೊದಲು ಮಾಡುವುದೂ ಅದನ್ನೇ, ಉಪಕರಣದ ಪೆಟ್ಟಿಗೆ ತೆರೆಯುವುದು ಆಮೇಲೆ. ಲಿವರ್ ಹಿಡಿದಾಗ ಸ್ಪಂಜಿನಂತೆ ಒತ್ತಿಕೊಳ್ಳುತ್ತಾ ಹೋಗಿ, ಪಂಪ್ ಮಾಡಿದರೆ ಗಟ್ಟಿಯಾದರೆ ಒಳಗೆ ಗಾಳಿ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಬೆರಳಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆಯುತ್ತದೆ. ಲಿವರ್ ಹಿಡಿಕೆಯ ಹತ್ತಿರದವರೆಗೆ ಬಂದು, ಆಮೇಲೆ ಕಲ್ಲಿನಂತೆ ನಿಂತರೆ ಗಾಳಿಗಿಂತ ಹೆಚ್ಚಾಗಿ ಪ್ಯಾಡ್ ಸವೆದಿರುವುದು ಅಥವಾ ಪಿಸ್ಟನ್ ಅಂಟಿಕೊಂಡು ಮುಂದೆ ಬರದಿರುವುದು ಕಾರಣ. ಮೂರನೆಯದನ್ನು ಹೆಚ್ಚಿನವರು ಪರೀಕ್ಷಿಸುವುದೇ ಇಲ್ಲ: ಲಿವರನ್ನು ಒಂದೇ ಬಲದಲ್ಲಿ ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಅದು ಮೆಲ್ಲಗೆ ಹಿಡಿಕೆಯ ಕಡೆ ಮುಳುಗುತ್ತಾ ಹೋದರೆ ಎಣ್ಣೆ ಎಲ್ಲಿಂದಲೋ ತಪ್ಪಿಸಿಕೊಳ್ಳುತ್ತಿದೆ, ಹೊರಗೆ ಸೋರುತ್ತಿದೆ ಇಲ್ಲವೆ ಲಿವರ್ ಒಳಗಿನ ಸೀಲ್ ದಾಟಿ ತೊಟ್ಟಿಗೇ ವಾಪಸಾಗುತ್ತಿದೆ. ಇದನ್ನು ಬ್ಲೀಡ್ ಮಾಡಿ ಸರಿಪಡಿಸಲಾಗದು. ಕ್ಯಾಲಿಪರ್, ಪೈಪಿನ ಎರಡು ತುದಿ, ಲಿವರಿನ ಬುಡ ಎಲ್ಲವನ್ನೂ ಒರೆಸಿ ಒಣಗಿಸಿ, ಬಿಳಿ ಟಿಶ್ಯೂ ಕಾಗದ ಸುತ್ತಿ, ಲಿವರ್ ಬಿಗಿದು ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದವೇ ಹೇಳುತ್ತದೆ.

ನಿಮ್ಮ ವಿವರಣೆಯ ಪ್ರಕಾರ ಗಾಳಿಯಂತೂ ಖಂಡಿತ. ಹಾಗಾದರೆ ಘಟ್ಟದ ನಡುವೆ, ಪಂಪ್ ಮಾಡಿದರೂ ಯಾಕೆ ಬರಲಿಲ್ಲ? ಒಂದು ಸಣ್ಣ ಲೆಕ್ಕ ಹಾಕಿ. ನೀವು, ಬೈಕು ಸೇರಿ 85 ಕೆ.ಜಿ. ಎನ್ನಿ. 500 ಮೀಟರ್ ಎತ್ತರದಿಂದ ಇಳಿದಾಗ ಕಳೆದುಕೊಳ್ಳಬೇಕಾದ ಶಕ್ತಿ ನಾಲ್ಕು ಲಕ್ಷ ಜೂಲ್‌ಗಿಂತ ಹೆಚ್ಚು. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಬಿಸಿ ಅದು. ಒಂದಿಷ್ಟನ್ನು ಎದುರುಗಾಳಿ ತಿನ್ನುತ್ತದೆ. ಆದರೆ ತಿರುವುಗಳ ದಾರಿಯಲ್ಲಿ ನಿಧಾನವಾಗಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಬಹುಪಾಲು ಹೋಗುವುದು ತೆಳುವಾದ ಎರಡು ಉಕ್ಕಿನ ತಟ್ಟೆಗಳಿಗೆ. ಅಲ್ಲಿಂದ ಪ್ಯಾಡ್, ಪ್ಯಾಡಿನಿಂದ ಪಿಸ್ಟನ್, ಪಿಸ್ಟನಿನಿಂದ ಎಣ್ಣೆ. ದಪ್ಪ ಪ್ಯಾಡ್ ಬಿಸಿಗೆ ಒಂದು ಗೋಡೆಯಿದ್ದಂತೆ. ಸವೆದ ಪ್ಯಾಡ್ ಎಂದರೆ ಗೋಡೆಯೇ ತೆಳುವಾದಂತೆ, ಬಿಸಿ ನೇರ ಎಣ್ಣೆಗೆ. ಅಲ್ಲಿದ್ದ ಗಾಳಿ ಬಿಸಿಗೆ ಹಿಗ್ಗಿತು. ತೇವವೇನಾದರೂ ಸೇರಿದ್ದರೆ ಅದು ಇನ್ನೂ ಕೆಟ್ಟದ್ದು. ಮಿನರಲ್ ಎಣ್ಣೆ ನೀರನ್ನು ಹೀರಿಕೊಳ್ಳುವುದಿಲ್ಲ ಎಂದು ಹೊಗಳುತ್ತಾರೆ, ನಿಜ. ಆದರೆ ಹೀರದ ನೀರು ಎಲ್ಲಿ ಹೋಗಬೇಕು? ಭಾರವಾದ್ದರಿಂದ ಅತ್ಯಂತ ಕೆಳಗೆ, ಅಂದರೆ ಅತ್ಯಂತ ಬಿಸಿಯಾಗುವ ಕ್ಯಾಲಿಪರಿನಲ್ಲೇ ಕೂರುತ್ತದೆ. ಅದು ಕುದಿಯುವುದು 100 ಡಿಗ್ರಿಗೆ. ಡಾಟ್‌ನ ಕಥೆ ತಿರುಗು ಮುರುಗು. ಅದು ನೀರನ್ನು ಮೈಯೆಲ್ಲ ಹಂಚಿಕೊಳ್ಳುತ್ತದೆ. ಹೊಸ ಡಾಟ್ 4ರ ಕನಿಷ್ಠ ಕುದಿಬಿಂದು 230 ಡಿಗ್ರಿ ಇದ್ದದ್ದು, ತೇವ ಹಿಡಿದಾಗಿನ ಮಾನಕದಲ್ಲಿ 155ಕ್ಕೆ ಇಳಿಯುತ್ತದೆ. ಡಾಟ್ ಬ್ರೇಕಿನವರು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಾಯಿಸಬೇಕಾದ್ದು ಇದಕ್ಕೇ.

ಲಿವರ್ ಗಟ್ಟಿಯಾಗಿಯೇ ಇದ್ದು ಬೈಕು ಮಾತ್ರ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ, ಪ್ಯಾಡಿನ ಮೇಲ್ಮೈ ಸುಟ್ಟು ಗಾಜಿನಂತಾಗಿರುತ್ತದೆ. ನಿಮ್ಮದು ಹಾಗಲ್ಲ. ನಿಮ್ಮ ಲಿವರೇ ಬಿದ್ದುಹೋಗಿತ್ತು.

ಹಾಗಾದರೆ ಈಗಲೇ ಎಣ್ಣೆ ತುಂಬಿ ಗಾಳಿ ತೆಗೆದುಬಿಡೋಣ ಅನ್ನಿಸುತ್ತದೆ. ಇಲ್ಲೇ ನಾನೊಮ್ಮೆ ಎಡವಿದ್ದು. ಕಸುಬಿಗೆ ಇಳಿದ ಹೊಸತು. ಒಬ್ಬರ ಬೈಕಿನ ಲಿವರ್ ಮೆತ್ತಗಿತ್ತು, ಸಂಜೆಗೆ ಬೇಕೇ ಬೇಕು ಎಂದರು. ಹಳೆಯ ಪ್ಯಾಡ್ ಇದ್ದಂತೆಯೇ, ಪಿಸ್ಟನ್ ಮುಂದೆ ಚಾಚಿಕೊಂಡಿದ್ದಂತೆಯೇ ತೊಟ್ಟಿ ತುಂಬ ಎಣ್ಣೆ ಹಾಕಿ ಬ್ಲೀಡ್ ಮಾಡಿ ಕೊಟ್ಟೆ. ಲಿವರ್ ಕಲ್ಲಿನಂತಾಗಿತ್ತು, ಅವರಿಗೂ ಖುಷಿ, ನನಗೂ ಖುಷಿ. ಎರಡು ವಾರ ಬಿಟ್ಟು ಹೊಸ ಪ್ಯಾಡ್ ಹಾಕಿಸಲು ಬಂದರು. ಹೊಸ ಪ್ಯಾಡ್ ಕೂರಬೇಕಾದರೆ ಪಿಸ್ಟನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದೆ. ಪಿಸ್ಟನ್ ಹಿಂದಿದ್ದ ಎಣ್ಣೆ ತೊಟ್ಟಿಗೆ ಮರಳಬೇಕು, ಆದರೆ ಅದನ್ನು ನಾನೇ ಗಂಟಲವರೆಗೆ ತುಂಬಿಸಿಟ್ಟಿದ್ದೆ. ಇನ್ನಷ್ಟು ಒತ್ತಿದೆ. ಲಿವರಿನ ಪೊರೆ ಹರಿದು ಮುಚ್ಚಳದ ಅಂಚಿನಿಂದ ಎಣ್ಣೆ ಇಳಿಯಿತು. ಹೊಸ ಲಿವರಿನ ದುಡ್ಡು ನನ್ನ ಜೇಬಿನಿಂದ ಹೋಯಿತು. ಅಂದಿನಿಂದ ಪಿಸ್ಟನ್ ಪೂರ್ತಿ ಒಳಗೆ ಒತ್ತದೆ, ಅವು ಮತ್ತೆ ಮುಂದೆ ಬಾರದಂತೆ ತಡೆಯುವ ಬ್ಲೀಡ್ ತುಂಡು ನಡುವೆ ಇಡದೆ ನಾನು ಎಣ್ಣೆ ಬಾಟಲಿ ಮುಟ್ಟುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಅತಿ ಅಗ್ಗದ್ದು, ಲಿವರನ್ನು ಬಿಗಿಯಾಗಿ ಕಟ್ಟಿ, ಬೈಕನ್ನು ನೆಟ್ಟಗೆ ನಿಲ್ಲಿಸಿ ರಾತ್ರಿ ಬಿಡುವುದು. ಬೆಳಿಗ್ಗೆ ಬಿಚ್ಚಿ, ಲಿವರನ್ನು ಚಿಟಿಕೆ ಹೊಡೆದ ಹಾಗೆ ಸಣ್ಣದಾಗಿ ಹತ್ತಿಪ್ಪತ್ತು ಸಲ ಆಡಿಸಿದರೆ ಮೇಲೆ ಬಂದು ನಿಂತ ಗುಳ್ಳೆ ಕೆಲವೊಮ್ಮೆ ತೊಟ್ಟಿಗೆ ಮರಳುತ್ತದೆ. ಪ್ರವಾಸದ ನಡುವೆ ಕೈಕೊಟ್ಟಾಗ ನಾನೂ ಮಾಡಿದ್ದೇನೆ. ಆದರೆ ಗಾಳಿ ಹೊರಗೆ ಹೋಗಿರುವುದಿಲ್ಲ, ಮನೆ ಬದಲಾಯಿಸಿರುತ್ತದೆ ಅಷ್ಟೆ. ಕೇಬಲ್ ಡಿಸ್ಕಿಗೆ ಹೋಗುವುದು ಇನ್ನೊಂದು. ದಾರಿಯಲ್ಲಿ ಎಲ್ಲಿ ಬೇಕಾದರೂ ರಿಪೇರಿಯಾಗುತ್ತದೆ ಎಂಬುದು ಅದರ ದೊಡ್ಡ ಗುಣ. ದೂರದ ಪ್ರವಾಸಿಗರು ಅದನ್ನೇ ಇಷ್ಟಪಡುವುದರಲ್ಲಿ ಅರ್ಥವಿದೆ. ಆದರೆ ಕೆಸರಿನಲ್ಲಿ ಕೇಬಲ್ ಬಿಗಿಯಾಗುವುದು, ಪದೇ ಪದೇ ಹೊಂದಿಸುವುದು, ಉದ್ದ ಇಳಿತದಲ್ಲಿ ಬೆರಳು ನೋಯುವುದು, ಇವೆಲ್ಲ ನಿಮ್ಮ ಪಾಲಿಗೆ ಬರುತ್ತವೆ. ನಿಮ್ಮ ಬಳಕೆಗೆ ನಾನು ಬೇಡವೆನ್ನುತ್ತೇನೆ. ಸೈಕಲ್ ಅಂಗಡಿಯವರ ಕೈಗೆ ಕೊಡುವುದು ಮೂರನೆಯ ದಾರಿ. ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ಎಣ್ಣೆ ಹಾಕುತ್ತೀರಿ, ಪ್ಯಾಡ್ ತೆಗೆದು ಮಾಡುತ್ತೀರೋ ಇಟ್ಟುಕೊಂಡೋ? ಉತ್ತರದಲ್ಲಿ ತಡವರಿಕೆ ಕಂಡರೆ ಬೈಕು ಹಿಂದಕ್ಕೆ ತನ್ನಿ.

ನೀವೇ ಮಾಡುವುದಾದರೆ ಹೀಗೆ. ಬೇಕಾದದ್ದು: ಶಿಮಾನೊ ಮಿನರಲ್ ಎಣ್ಣೆ, ಲಿವರಿಗೆ ತಿರುಪಿ ಕೂರಿಸುವ ಲಾಳಿಕೆ ಮತ್ತು ಅದರ ಮುಚ್ಚುಕಡ್ಡಿ, ಪಾರದರ್ಶಕ ಪೈಪು ಸಿಕ್ಕಿಸಿದ ಸಿರಿಂಜು, 2.5 ಮಿ.ಮೀ. ಆಲನ್ ಕೀ, 7 ಮಿ.ಮೀ. ರಿಂಗ್ ಸ್ಪ್ಯಾನರು, ಹಳದಿ ಪ್ಲಾಸ್ಟಿಕ್ಕಿನ ಬ್ಲೀಡ್ ತುಂಡು, ಐಸೊಪ್ರೊಪೈಲ್ ಆಲ್ಕೊಹಾಲ್, ಬೇಕಾದಷ್ಟು ಹಳೆ ಬಟ್ಟೆ. ಸಿರಿಂಜು ಹೊಸದಿರಲಿ, ಡಾಟ್ ಮುಟ್ಟಿದ್ದನ್ನು ತರಬೇಡಿ. ಚಕ್ರ ತೆಗೆದು ಬೇರೆ ಕೋಣೆಯಲ್ಲೇ ಇಡಿ. ರೋಟರಿಗೆ ಒಂದು ಹನಿ ಎಣ್ಣೆ ಬಿದ್ದರೆ ಈ ಪತ್ರದ ಮುಂದಿನ ಬ್ರೇಕಿನ ಭಾಗವನ್ನು ನೀವು ಎರಡು ಸಲ ಓದಬೇಕಾಗುತ್ತದೆ. ಕವಲು ಪಿನ್ನಿನ ತುದಿ ನೆಟ್ಟಗೆ ಮಾಡಿ ಎಳೆದು ಪ್ಯಾಡ್ ಹೊರತೆಗೆಯಿರಿ. ಚಾಚಿದ ಪಿಸ್ಟನಿನ ಸುತ್ತ ಕಪ್ಪು ಕೊಳೆ ಇರುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯ ತುಂಡಿನಿಂದ ಒರೆಸದೆ ಹಿಂದಕ್ಕೆ ಒತ್ತಬೇಡಿ, ಆ ಕೊಳೆ ಸೀಲನ್ನು ಗೀಚುತ್ತದೆ.

ಲಿವರನ್ನು ನೆಲಕ್ಕೆ ಸಮಾನಾಂತರವಾಗಿ ಹೊಂದಿಸಿ, ಮೇಲಿನ ತಿರುಪು ತೆಗೆದು ಲಾಳಿಕೆ ಕೂರಿಸಿ ಸ್ವಲ್ಪ ಎಣ್ಣೆ ಹಾಕಿ. ಆಮೇಲಷ್ಟೆ ಟೈರ್ ಲಿವರಿನಂಥ ಪ್ಲಾಸ್ಟಿಕ್ ವಸ್ತುವಿನಿಂದ ಪಿಸ್ಟನ್‌ಗಳನ್ನು ನೇರವಾಗಿ ಒಳಗೆ ಒತ್ತಿ. ಸ್ಕ್ರೂ ಡ್ರೈವರ್ ಬೇಡ. ಮೇಲೆ ಲಾಳಿಕೆ ತೆರೆದಿರುವುದರಿಂದ ಹೆಚ್ಚಿನ ಎಣ್ಣೆ ಅಲ್ಲಿಗೆ ಬರುತ್ತದೆ, ಪೊರೆ ಹರಿಯುವ ಭಯವಿಲ್ಲ. ಹಳದಿ ತುಂಡು ಸಿಕ್ಕಿಸಿ, ಪಿನ್ ಹಾಕಿ ಭದ್ರ ಮಾಡಿ.

ಕ್ಯಾಲಿಪರಿನ ನಿಪ್ಪಲ್ (ಎಣ್ಣೆ ಒಳಗೆ ಹೊರಗೆ ಬಿಡುವ ತೂತುಳ್ಳ ತಿರುಪು) ಮೇಲೆ ಮೊದಲು ಸ್ಪ್ಯಾನರ್, ಆಮೇಲೆ ಎಣ್ಣೆ ತುಂಬಿದ ಸಿರಿಂಜಿನ ಪೈಪು. ಪೈಪಿನಲ್ಲಿ ಗಾಳಿ ಇರಬಾರದು. ನಿಪ್ಪಲನ್ನು ಎಂಟನೇ ಒಂದು ಸುತ್ತಿನಷ್ಟು ಸಡಿಲಿಸಿ ಸಿರಿಂಜನ್ನು ಮೆಲ್ಲಗೆ ಒತ್ತಿ. ಗಾಳಿಗೆ ಮೇಲೆ ಹೋಗುವುದೇ ಸ್ವಭಾವ, ನಾವು ಕೆಳಗಿನಿಂದ ತಳ್ಳುತ್ತಿದ್ದೇವೆ. ಲಾಳಿಕೆಯಲ್ಲಿ ಗುಳ್ಳೆಗಳು ಏಳುವುದು ಕಾಣುತ್ತದೆ. ಈ ಹಂತದಲ್ಲಿ ಲಿವರ್ ಪಂಪ್ ಮಾಡಬೇಡಿ. ದೊಡ್ಡ ಗುಳ್ಳೆ ಸಾಸಿವೆ ಕಾಳಿನಂಥ ನೂರು ಗುಳ್ಳೆಯಾಗಿ ಒಡೆದು ಎಣ್ಣೆಯಲ್ಲಿ ಬೆರೆತರೆ ಅವನ್ನು ಹೊರಡಿಸಲು ಅರ್ಧ ದಿನ ಬೇಕು. ಗುಳ್ಳೆ ನಿಂತ ಮೇಲೆ ನಿಪ್ಪಲ್ ಮುಚ್ಚಿ, ಸಿರಿಂಜಿನ ಬದಲು ಪೈಪಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮತ್ತೆ ತೆರೆಯಿರಿ. ಈಗ ಎಣ್ಣೆ ತನ್ನ ಭಾರಕ್ಕೆ ಮೇಲಿನಿಂದ ಇಳಿಯುತ್ತದೆ. ಲಾಳಿಕೆ ಖಾಲಿಯಾಗದಂತೆ ನೋಡಿಕೊಳ್ಳಿ. ಖಾಲಿಯಾದರೆ ಅಷ್ಟೂ ಕೆಲಸ ಮೊದಲಿನಿಂದ. ಇಳಿಯುವಾಗ ಪೈಪಿನುದ್ದಕ್ಕೂ, ಕ್ಯಾಲಿಪರಿನ ಮೇಲೂ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಿರಿ. ಹಿಂದಿನ ಬ್ರೇಕಿನ ಪೈಪು ಉದ್ದ, ಮಧ್ಯೆ ಡೊಂಕು ಹೆಚ್ಚು, ಗಾಳಿ ಅಡಗಿ ಕೂರುವುದು ಅಲ್ಲೇ. ನಿಪ್ಪಲ್ ಮುಚ್ಚಿ, ಲಿವರ್ ಪೂರ್ತಿ ಹಿಡಿದುಕೊಂಡು, ನಿಪ್ಪಲನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚಿ. ಎರಡು ಮೂರು ಸಲ. ಕ್ಯಾಲಿಪರಿನ ಹಠಮಾರಿ ಗುಳ್ಳೆ ಹೊರಬರುವುದು ಈ ಹೊಡೆತಕ್ಕೆ.

ಈಗ ನಿಪ್ಪಲನ್ನು 4ರಿಂದ 6 ನ್ಯೂಟನ್ ಮೀಟರ್ ಬಿಗಿ ಮಾಡಿ, ಲಿವರ್ ಆಡಿಸಿ. ಲಾಳಿಕೆಯಲ್ಲಿ ಇನ್ನೂ ಒಂದೆರಡು ಗುಳ್ಳೆ ಬರುತ್ತವೆ. ಲಿವರನ್ನು 30 ಡಿಗ್ರಿಯಷ್ಟು ಮೇಲಕ್ಕೂ ಕೆಳಕ್ಕೂ ಓರೆ ಮಾಡಿ ಮತ್ತೆ ಆಡಿಸಿದರೆ ತೊಟ್ಟಿಯ ಮೂಲೆಯಲ್ಲಿ ಕೂತದ್ದೂ ಏಳುತ್ತದೆ. ಬಸ್ಸಿನಲ್ಲಿ ನಿಮಗೆ ಕೈಕೊಟ್ಟದ್ದು ಆ ಮೂಲೆಯ ಗುಳ್ಳೆಯೇ ಇರಬೇಕು, ಇಲ್ಲಿ ಅವಸರ ಮಾಡಬೇಡಿ. ಕಡ್ಡಿಯಿಂದ ಲಾಳಿಕೆ ಮುಚ್ಚಿ, ಬಿಚ್ಚಿ, ಎಣ್ಣೆ ಸ್ವಲ್ಪ ಉಕ್ಕಿ ಹರಿಯುತ್ತಿರುವಾಗಲೇ ತಿರುಪು ಹಾಕಿ. ಆ ತಿರುಪಿಗೆ ಬೇಕಾದದ್ದು 0.3ರಿಂದ 0.5 ನ್ಯೂಟನ್ ಮೀಟರ್, ಅಂದರೆ ಎರಡು ಬೆರಳ ತುದಿಯ ಬಲ. ಮನೆಯಲ್ಲಿ ಮಾಡಿದ ಬ್ಲೀಡ್‌ಗಳಲ್ಲಿ ನನ್ನ ಬಳಿಗೆ ರಿಪೇರಿಗೆ ಬರುವವು ಹೆಚ್ಚಾಗಿ ಗಾಳಿ ಉಳಿದವಲ್ಲ, ಈ ತಿರುಪಿನ ಮರೆ ಕಿತ್ತುಹೋದವು.

ಎಲ್ಲವನ್ನೂ ಆಲ್ಕೊಹಾಲಿನಿಂದ ಒರೆಸಿ, ಹೊಸ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಕೈ ಸೋಪಿನಿಂದ ತೊಳೆದು, ಆಮೇಲೆ ಹೊಸ ಪ್ಯಾಡ್. ನಿಮ್ಮ ರೋಟರಿನ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂಬ ಅರ್ಥದ ಬರಹ ಅಚ್ಚಾಗಿದೆಯೇ ನೋಡಿ. ಎಂಟಿ200 ಜೊತೆ ಬರುವ ರೋಟರುಗಳು ಬಹುತೇಕ ಆ ಬಗೆಯವು. ಬಾಳಿಕೆ ಹೆಚ್ಚೆಂದು ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಹಾಕಿದರೆ ಅವು ರೋಟರನ್ನೇ ತಿನ್ನುತ್ತವೆ. ರೋಟರಿನ ದಪ್ಪವನ್ನೂ ಅಳೆಯಿರಿ, ಹೊಸದು 1.8 ಮಿ.ಮೀ., 1.5ಕ್ಕೆ ಬಂದರೆ ಬದಲಾಯಿಸಬೇಕು. ಚಕ್ರ ಹಾಕಿ, ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಹಿಡಿದುಕೊಂಡೇ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬಂದರೆ ಉಜ್ಜಾಟವೂ ನಿಲ್ಲುತ್ತದೆ. ಆ ಬೋಲ್ಟುಗಳಿಗೆ 6ರಿಂದ 8 ನ್ಯೂಟನ್ ಮೀಟರ್.

ಮುಂದಿನ ಬ್ರೇಕಿಗೆ ಬ್ಲೀಡ್ ಬೇಡ. ಅದರ ಎಣ್ಣೆ ಒಳಗೆ ಸರಿಯಾಗಿಯೇ ಇದೆ, ಹೊರಗಿನ ಎಣ್ಣೆ ತಪ್ಪು ಜಾಗಕ್ಕೆ ಹೋಗಿದೆ. ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ರೆಸಿನ್ ಪ್ಯಾಡಿನಲ್ಲಿ ಪುಡಿಯನ್ನು ಹಿಡಿದಿಟ್ಟಿರುವ ಅಂಟೇ ಸುಟ್ಟುಹೋಗುತ್ತದೆ, ಲೇಪ ತಗಡಿನಿಂದ ಕಳಚಿಕೊಳ್ಳಬಹುದು, ಆ ಹೊಗೆಯನ್ನು ಅಡುಗೆಮನೆಯಲ್ಲಿ ಯಾರೂ ಕುಡಿಯಬಾರದು. ಉಪ್ಪುಕಾಗದದಲ್ಲಿ ತಿಕ್ಕಿದರೆ ಮೇಲಿನ ಜಿಡ್ಡು ಹೋಗುತ್ತದೆ, ಒಳಗೆ ಹೀರಿಕೊಂಡದ್ದು ಮೊದಲ ಉದ್ದ ಇಳಿತದ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ರೋಟರನ್ನು ಆಲ್ಕೊಹಾಲಿನಿಂದ ಎರಡು ಸಲ ತೊಳೆದು ಪ್ಯಾಡ್ ಹೊಸದು ಹಾಕಿಬಿಡಿ. ಚೈನಿಗೆ ಇನ್ನು ಮುಂದೆ ಸ್ಪ್ರೇ ಬೇಡ, ಹನಿ ಹನಿಯಾಗಿ ಬಿಡುವ ಬಾಟಲಿ ತನ್ನಿ.

ಹೊಸ ಪ್ಯಾಡ್ ಕೂಡಲೇ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ನಡಿಗೆಯ ವೇಗಕ್ಕೆ ಬರುವಷ್ಟು ಗಟ್ಟಿಯಾಗಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲಿಸದೆ ಬಿಡಿ. ಒಂದೊಂದು ಬ್ರೇಕಿಗೂ ಬೇರೆ ಬೇರೆಯಾಗಿ ಇಪ್ಪತ್ತು ಇಪ್ಪತ್ತೈದು ಸಲ. ಪ್ಯಾಡಿನ ತೆಳು ಪದರವೊಂದು ರೋಟರಿಗೆ ಸಮನಾಗಿ ಅಂಟಿದ ಮೇಲೆಯೇ ನಿಜವಾದ ಹಿಡಿತ. ಘಟ್ಟ ಇಳಿಯುವಾಗ ಮಾತ್ರ ಉದ್ದಕ್ಕೂ ಮೆಲ್ಲಗೆ ಹಿಡಿದುಕೊಂಡು ಬರಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಬಿಟ್ಟು, ರೋಟರಿಗೆ ಗಾಳಿ ಕುಡಿಯಲು ಬಿಡಿ. ಹಿಂದಿನದನ್ನೇ ನೆಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ನಿಮ್ಮದು ಮೊದಲು ಸೋತದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಮುಂದಿನ ಚಕ್ರಕ್ಕೆ 180 ಮಿ.ಮೀ. ರೋಟರ್ ಹಾಕಿಸಿದರೆ ಅದೇ ಬೆರಳ ಬಲಕ್ಕೆ ಎಂಟನೇ ಒಂದು ಪಾಲು ಹೆಚ್ಚು ಹಿಡಿತ, ಬಿಸಿ ಹರಡಲು ಹೆಚ್ಚು ಉಕ್ಕು. ಅದಕ್ಕೊಂದು ಅಡಾಪ್ಟರ್ ಬೇಕು, ನಿಮ್ಮ ಫೋರ್ಕ್ ಅಷ್ಟು ದೊಡ್ಡದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಇನ್ನು ಬಸ್ಸು. ಮುಂದಿನ ಸಲವೂ ಡಿಕ್ಕಿಯೇ ಗತಿಯಾದರೆ ಲಿವರನ್ನು ರಬ್ಬರ್ ಪಟ್ಟಿಯಿಂದ ಹಿಡಿಕೆಗೆ ಬಿಗಿದು ಕಟ್ಟಿ ಮಲಗಿಸಿ. ಹಿಡಿದ ಲಿವರಿನಲ್ಲಿ ತೊಟ್ಟಿಗೂ ಪೈಪಿಗೂ ನಡುವಿನ ತೂತು ಮುಚ್ಚಿರುತ್ತದೆ. ಚಕ್ರ ತೆಗೆದಿದ್ದರೆ ಕ್ಯಾಲಿಪರಿನ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸದೆ ಕಟ್ಟಬೇಡಿ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಹಿಂದಿನ ಹಳೆಯ ಪ್ಯಾಡನ್ನು ಎಸೆಯುವ ಮೊದಲು ಲೋಹದ ತಗಡು ಬಿಟ್ಟು ಲೇಪವನ್ನಷ್ಟೇ ಅಳೆಯಿರಿ. ಹೊಸತರಲ್ಲಿ ಅದು ಸುಮಾರು 2 ಮಿ.ಮೀ. ಇರುತ್ತದೆ. 0.5ರ ಆಸುಪಾಸಿಗೆ ಬಂದಿದ್ದರೆ ನಾನು ಮೇಲೆ ಹೇಳಿದ್ದೇ ಕಥೆ, ಇಷ್ಟರಲ್ಲಿ ಮುಗಿಯಿತು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ನನ್ನ ಊಹೆ ತಪ್ಪು, ತೊಟ್ಟಿಯ ಎಣ್ಣೆ ಬೇರೆಲ್ಲೋ ಹೋಗಿದೆ. ಆಗ ಬ್ಲೀಡ್ ಮಾಡಿದ ರಾತ್ರಿಯೇ ಬಿಳಿ ಕಾಗದ ಸುತ್ತಿ ಲಿವರ್ ಕಟ್ಟಿ, ಬೆಳಿಗ್ಗೆ ಯಾವ ಕಾಗದ ಒದ್ದೆಯಾಗಿದೆ ಎಂದು ನನಗೆ ಬರೆಯಿರಿ.